ನೆರೆಯವರಿಗೆ ತಿಳಿಯದ ವಿಷ

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ಮೀಥೈಲ್ ಐಸೋಸಯನೇಟ್ ಅನಿಲದ ಹೆಸರೂ ಸುತ್ತಲಿನ ಬಡವರಿಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಿರೆಂದು ಯಾರೂ ಮೊದಲೇ ತಿಳಿಸಿರಲಿಲ್ಲ. ಸಾವಿರಾರು ಜೀವಗಳನ್ನು ಬಲಿ ಪಡೆದದ್ದು ಅನಿಲ ಮಾತ್ರವಲ್ಲ, ಈ ಮೌನವೂ ಹೌದು.

ಆ ದುರಂತದ ಬಳಿಕ ಅಮೆರಿಕವು 1986ರಲ್ಲಿ ಜನರ ತಿಳಿಯುವ ಹಕ್ಕನ್ನು ಕಾನೂನಾಗಿಸಿತು. ನಮ್ಮಲ್ಲಿಯೂ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ನಿಗದಿತ ಪ್ರಮಾಣವನ್ನು ಮೀರಿ ದಾಸ್ತಾನು ಮಾಡುವವರು ಅದನ್ನು ಪ್ರಾಧಿಕಾರಕ್ಕೆ ವರದಿ ಮಾಡಬೇಕು, ತುರ್ತು ಯೋಜನೆ ಸಿದ್ಧಪಡಿಸಬೇಕು, ನೆರೆಹೊರೆಯವರಿಗೆ ಅಪಾಯದ ಸ್ವರೂಪವನ್ನು ತಿಳಿಸಬೇಕು ಎಂದು ಅವು ವಿಧಿಸಿದವು. 1996ರ ನಿಯಮಗಳು ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ರಚಿಸಲು ಹೇಳಿದವು. ಆದರೆ 2020ರ ಮೇ 7ರ ಮುಂಜಾನೆ ವಿಶಾಖಪಟ್ಟಣದ ಕಾರ್ಖಾನೆಯೊಂದರಿಂದ ಸ್ಟೈರೀನ್ ಸೋರಿದಾಗ ಸೈರನ್ ಮೊಳಗಲೇ ಇಲ್ಲ. ಕಾನೂನು ಕಡತದಲ್ಲಿತ್ತು, ಜನರು ನಿದ್ದೆಯಲ್ಲಿದ್ದರು.

ಮಂಜುಗಡ್ಡೆ ಕಾರ್ಖಾನೆಯ ಅಮೋನಿಯಾ, ನೀರು ಶುದ್ಧೀಕರಣ ಘಟಕದ ಕ್ಲೋರಿನ್, ಪಟಾಕಿಯ ಗೋದಾಮು - ಇವೆಲ್ಲ ನಮ್ಮ ಪಟ್ಟಣಗಳಲ್ಲೂ ಇವೆ. ಅವುಗಳ ಗೋಡೆಗೆ ತಾಗಿ ಬದುಕುವವರು ಹೆಚ್ಚಾಗಿ ಬಡವರೇ. ಪಕ್ಕದಲ್ಲಿ ಏನಿದೆ, ಎಷ್ಟಿದೆ, ಸೋರಿದರೆ ಯಾವ ಕಡೆಗೆ ಹೋಗಬೇಕು ಎಂದು ನಾವು ಜಿಲ್ಲಾಡಳಿತವನ್ನು ಇಂದೇ ಕೇಳಬೇಕಾಗಿದೆ. ಪ್ರತಿ ಬಾರಿಯೂ ಶವಗಳನ್ನು ಎಣಿಸಿದ ಮೇಲಷ್ಟೇ ಪ್ರಶ್ನೆ ಕೇಳುವ ಸಮಾಜಕ್ಕೆ ಉತ್ತರ ಸಿಕ್ಕಿಯೂ ಪ್ರಯೋಜನವೇನು?