ಭೌತವಿಜ್ಞಾನಕ್ಕೆ ಯಾವ ಕಾಲೇಜು?

ದ್ವಿತೀಯ ಪಿ.ಯು. ಫಲಿತಾಂಶವು ಪ್ರಕಟವಾದೊಡನೆ ನಮ್ಮ ಪುರವರದ ಮನೆಮನೆಗಳಲ್ಲಿಯೂ ಏಳುವ ಪ್ರಶ್ನೆ ಒಂದೇ: ಎಂಜಿನಿಯರಿಂಗ್ ಸೀಟು ದೊರೆಯಿತೇ? ದೊರೆಯದಿದ್ದರೆ, ‘ಹೋಗಲಿ, ಬಿ.ಎಸ್ಸಿ.ಗಾದರೂ ಸೇರಲಿ’ ಎಂಬ ನಿಟ್ಟುಸಿರು. ಭೌತವಿಜ್ಞಾನವೆಂಬುದು ಸೋತವರು ತಂಗತಕ್ಕ ಛತ್ರವೆಂಬ ಈ ಭಾವನೆಯನ್ನು ನಾವು ಸರ್ವಥಾ ಒಪ್ಪಲಾರೆವು.

ತುಮಕೂರು ಸೀಮೆಯ ಬೆಳ್ಳಾವಿಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಈ ಶಾಸ್ತ್ರವನ್ನೇ ಬೋಧಿಸಿದರು. 1918ರಷ್ಟು ಹಿಂದೆಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಜನಿಸಿದ ಎಚ್. ನರಸಿಂಹಯ್ಯನವರು ಅದೇ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಓದುತ್ತಿರುವಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು. ಮರಳಿ ಬಂದು ಓದು ಮುಗಿಸಿ, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಇವರೇನು ಬೇರೆ ಗತಿಯಿಲ್ಲದೆ ಈ ಶಾಸ್ತ್ರವನ್ನು ಹಿಡಿದವರೇ?

ಪಾವಗಡದ ಕಡೆಗೆ ನೋಡಿರಿ. ತಿರುಮಣಿಯ ಸುತ್ತ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವ್ಯಾಟ್ ಶಕ್ತಿಯ ಸೌರಸ್ಥಾವರವು ಹರಡಿದೆ. ಬಿಸಿಲು ಸಿಲಿಕಾನಿನ ಮೇಲೆ ಬಿದ್ದು ಎಲೆಕ್ಟ್ರಾನುಗಳನ್ನು ಬಿಡಿಸಿ ವಿದ್ಯುತ್ತಾಗುವ ಮರ್ಮವನ್ನು ತಿಳಿಸತಕ್ಕದ್ದು ಭೌತವಿಜ್ಞಾನವೇ. ಭೂಮಿ ನಮ್ಮದು, ಬಿಸಿಲು ನಮ್ಮದು. ಎಕರೆಯ ಗುತ್ತಿಗೆ ಹಣವೊಂದೇ ನಮ್ಮ ಪಾಲಾಗಿ, ಅದರ ವಿದ್ಯೆಯು ಹೊರಗಿನವರ ಪಾಲಾಗಬೇಕೆ?

ಇಷ್ಟಾದರೂ ಕಾಲೇಜನ್ನು ಆರಿಸುವ ಬಗೆಯಾದರೂ ಎಂತಹುದು! ಮೂರು ಗುಂಟೆ ನೆಲ ಕೊಳ್ಳುವಾಗ ಪಹಣಿ, ಖಾತೆ, ಚಕ್ಕುಬಂದಿಗಳನ್ನು ನೋಡದೆ ಮುಂಗಡ ಕೊಡದ ನಮ್ಮ ಯಜಮಾನರು, ಮಕ್ಕಳ ಮೂರು ವರ್ಷಗಳನ್ನು ಕಟ್ಟಡದ ಬಣ್ಣವನ್ನೂ ಬಸ್ಸಿನ ಅನುಕೂಲವನ್ನೂ ನೋಡಿ ಬರೆದುಕೊಟ್ಟುಬಿಡುತ್ತಾರೆ. ಕಾಲೇಜಿಗೂ ಒಂದು ಪಹಣಿಯುಂಟು, ಅದು ಪ್ರಯೋಗಶಾಲೆ. ಅದರ ಬಾಗಿಲನ್ನು ತೆರೆಯಿಸಿ ನೋಡಿರಿ. ಸ್ಪೆಕ್ಟ್ರೋಮೀಟರು ವಿದ್ಯಾರ್ಥಿಯ ಕೈಗೆ ಬರುತ್ತದೆಯೋ, ಗಾಜಿನ ಬೀರುವಿನೊಳಗೆ ದೇವರಂತೆ ಕುಳಿತಿದೆಯೋ? ಪ್ರತಿಯೊಬ್ಬನೂ ತಾನೇ ಅಳೆದು ಬರೆಯುತ್ತಾನೆಯೋ, ಒಬ್ಬನ ಅಂಕಿಗಳನ್ನು ಹತ್ತು ಮಂದಿ ನಕಲು ಮಾಡುತ್ತಾರೆಯೋ? ಅಧ್ಯಾಪಕರು ಖಾಯಂ ನೇಮಕದವರೆಷ್ಟು ಮಂದಿ? ಗಣಿತವನ್ನು ಜೊತೆಗೆ ಓದಲು ಅವಕಾಶವುಂಟೇ? ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ತತ್ತ್ವವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದಾರೆಯೇ? ಹಿಂದೆ ಓದಿದವರಲ್ಲಿ ಎಂ.ಎಸ್ಸಿ.ಗೆ ಹೋದವರೆಷ್ಟು?

ಈ ಪರೀಕ್ಷೆಯಲ್ಲಿ ಗೆದ್ದರೆ ತಾಲ್ಲೂಕಿನ ಸರಕಾರಿ ಕಾಲೇಜೂ ಉತ್ತಮವೇ. ಸೋತರೆ ರಾಜಧಾನಿಯ ಅರಮನೆಯಂಥ ಕಾಲೇಜೂ ಬೇಡ. 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿದೆ; ಮೈಸೂರಿನಲ್ಲಿ ಯುವರಾಜ ಕಾಲೇಜಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಿಂದ ನಾಲ್ಕು ವರ್ಷಗಳ ಪದವಿಯನ್ನು ನಡೆಸುತ್ತಿದೆ, ಅದಕ್ಕೆ ಪಿ.ಯು. ಅಂಕಗಳು ಸಾಲವು, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಫಲಿತಾಂಶ ಬಂದ ಮೇಲೆ ಈ ಸಂಗತಿಯನ್ನು ತಿಳಿದರೆ ಬಂದ ಫಲವೇನು? ಮೊದಲ ಪಿ.ಯು. ತರಗತಿಯಲ್ಲಿಯೇ ಇದನ್ನು ತಿಳಿಸತಕ್ಕ ಹೊಣೆಯು ಉಪಾಧ್ಯಾಯ ಮಹಾಶಯರದು.

ಸರಕಾರಕ್ಕೂ ನಾವು ಒಂದು ಮಾತು ಹೇಳಬೇಕಾಗಿದೆ. ವರ್ಷವರ್ಷವೂ ಅತಿಥಿ ಉಪನ್ಯಾಸಕರನ್ನು ಕರೆದು ಕಾಲ ತಳ್ಳುವುದು ವಿದ್ಯಾದಾನವಲ್ಲ. ಆ ಬಡ ಉಪನ್ಯಾಸಕರ ಮೇಲೆ ನಮಗೆ ದೂರಿಲ್ಲ. ನಾಳೆಯ ಅನ್ನದ ಭರವಸೆಯಿಲ್ಲದವನು ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸುವುದಾದರೂ ಹೇಗೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಕ್ಕಳಿಗೆ ಬೇಕಾದುದು ದಯೆಯಲ್ಲ. ಖಾಯಂ ಗುರುಗಳು ಮತ್ತು ಕೈಗೆ ಸಿಗುವ ಉಪಕರಣಗಳು. ಪೋಷಕರೇ, ಶುಲ್ಕ ಕಟ್ಟುವ ಮುನ್ನ ಈ ಪ್ರಶ್ನೆಗಳನ್ನು ಕೇಳಿರಿ. ಉತ್ತರ ಬಾರದಿದ್ದರೆ ಹತ್ತು ಮಂದಿ ಕೂಡಿ ಮತ್ತೆ ಕೇಳಿರಿ.