‘ಆಗ ನೀನು ಏನು ತಿಂದಿದ್ದೆ?’

ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದ ಸಂಜೆಯಿಂದಲೇ ಫ್ಯಾಮಿಲಿ ಗ್ರೂಪಲ್ಲಿ ಸಲಹೆ ಶುರು. ಪಪ್ಪಾಯಿ ತಿನ್ಬೇಡ, ಭಾರ ಎತ್ಬೇಡ, ಗ್ರಹಣ ನೋಡ್ಬೇಡ. ಮುಂದೆ ಮಗುವಿಗೆ ಏನಾದರೂ ತೊಂದರೆ ಕಾಣಿಸಿದರೆ ಮೊದಲ ಪ್ರಶ್ನೆಯೂ ಅಮ್ಮನಿಗೇ: ‘ಆಗ ನೀನು ಏನು ತಿಂದಿದ್ದೆ?’

ಹೀಗೆ ಕೇಳೋರಿಗೆ ತೈವಾನಿನ ಒಂದು ಕಥೆ ಹೇಳಬೇಕು.

1979ರಲ್ಲಿ ಅಲ್ಲಿ ಸುಮಾರು 2,000 ಜನ ಅಕ್ಕಿ ತೌಡಿನ ಎಣ್ಣೆ ಬಳಸಿ ಕಾಯಿಲೆ ಬಿದ್ದರು. ಕಾರ್ಖಾನೆಯಲ್ಲಿ ಎಣ್ಣೆ ಬಿಸಿ ಮಾಡುವ ಕೊಳವೆಯಿಂದ ಪಿಸಿಬಿ ಎಂಬ ರಾಸಾಯನಿಕ ಸೋರಿ ಅದಕ್ಕೆ ಬೆರೆತಿತ್ತು. ಜಪಾನಿನಲ್ಲಿ 1968ರಲ್ಲೇ ಹೀಗಾಗಿತ್ತು. ಆದರೂ ಪಾಠ ಕಲಿತಿರಲಿಲ್ಲ.

ಆ ತಾಯಂದಿರಿಗೆ ಹುಟ್ಟಿದ ಎಷ್ಟೋ ಶಿಶುಗಳ ತೂಕ ಕಡಿಮೆ, ಚರ್ಮ ಕಪ್ಪಿಟ್ಟಿತ್ತು, ಉಗುರು ಸರಿಯಿರಲಿಲ್ಲ. ಬೆಳೆದ ಮೇಲೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ನೆರೆಮನೆಯ ಮಕ್ಕಳಿಗಿಂತ ಸರಾಸರಿ 5 ಅಂಕದಷ್ಟು ಹಿಂದೆ. ಎದೆ ಝಲ್ ಎನಿಸೋದು ಇನ್ನೊಂದು ಮಾತು: ಆ ಎಣ್ಣೆ ಬಿಟ್ಟು 6 ವರ್ಷದ ತನಕ ಹುಟ್ಟಿದ ಮಕ್ಕಳಲ್ಲೂ ಇದೇ ಹಿನ್ನಡೆ ಕಂಡಿತು. ಬಸಿರಲ್ಲಿ ಆ ಅಮ್ಮಂದಿರು ಅದರ ಒಂದು ಹನಿಯನ್ನೂ ಮುಟ್ಟಿರಲಿಲ್ಲ.

ಕಾರಣ ಇಷ್ಟೇ. ಪಿಸಿಬಿ ನೀರಲ್ಲಿ ಕರಗಲ್ಲ, ಮೈಯ ಕೊಬ್ಬಿನಲ್ಲಿ ಕೂತುಬಿಡುತ್ತದೆ; ವರ್ಷಗಟ್ಟಲೆ ಹೋಗಲ್ಲ. ಹೊಕ್ಕುಳಬಳ್ಳಿಯ ದಾರಿಯಲ್ಲಿ ಮಗುವಿಗೂ ತಲುಪುತ್ತದೆ. ಥೈರಾಯ್ಡ್ ಹಾರ್ಮೋನಿನ ಕೆಲಸಕ್ಕೂ ಅಡ್ಡ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯೋದು ಅಮ್ಮನ ಥೈರಾಯ್ಡ್ ನಂಬಿಕೊಂಡೇ.

ಅಂದರೆ ಒಂಬತ್ತು ತಿಂಗಳ ಪಥ್ಯದಿಂದ ಇದನ್ನು ತಡೆಯೋಕೆ ಆಗಲ್ಲ. ತಡೆಯಬೇಕಾದ್ದು ಕಾರ್ಖಾನೆಯಲ್ಲಿ, ಕಾನೂನಿನಲ್ಲಿ. ಇಂಥ ರಾಸಾಯನಿಕಗಳನ್ನು ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದ ಆಗಿದ್ದು 2001ರಲ್ಲಿ. ಭಾರತ ಅದನ್ನು ಅನುಮೋದಿಸಿದ್ದು 2006ರಲ್ಲಿ. ಹಳೆಯ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಉಳಿದಿರುವ ಪಿಸಿಬಿ ಬಳಕೆಗೆ ನಮ್ಮ ಸರ್ಕಾರ 2016ರ ಆದೇಶದಲ್ಲಿ ಕೊಟ್ಟ ಗಡುವು 2025ರ ಡಿಸೆಂಬರ್ 31.

ನಮ್ಮ ಕೈಲಿರೋದೂ ಸ್ವಲ್ಪ ಇದೆ. ಹಳೆ ವೈರು, ಪ್ಲಾಸ್ಟಿಕ್ಕು ಸುಡಬೇಡಿ, ಸುಡೋಕೆ ಬಿಡಬೇಡಿ; ಆ ಹೊಗೆಯಲ್ಲಿ ಪಿಸಿಬಿಯ ದಾಯಾದಿ ಡಯಾಕ್ಸಿನ್ ಹುಟ್ಟುತ್ತದೆ. ಕೆಟ್ಟ ಚಾರ್ಜರ್, ಫೋನು ಇ-ವೇಸ್ಟ್ ಕೇಂದ್ರಕ್ಕೇ ಹೋಗಲಿ. ಇದನ್ನು ಓದಿ ಹೆದರಿ ಎದೆಹಾಲು ಮಾತ್ರ ನಿಲ್ಲಿಸಬೇಡಿ; ವಿಶ್ವ ಆರೋಗ್ಯ ಸಂಸ್ಥೆ ಈಗಲೂ ಹೇಳೋದು ಎದೆಹಾಲೇ ಒಳ್ಳೇದು ಅಂತ.

ಇನ್ನು ‘ಏನು ತಿಂದಿದ್ದೆ’ ಅನ್ನೋ ಪ್ರಶ್ನೆ. ಅದನ್ನು ಬಾಣಂತಿ ಕೋಣೆಯಲ್ಲಿ ಕೇಳೋದು ಬೇಡ. ‘ಏನು ಬೆರೆಸಿದ್ರಿ’ ಅಂತ ಕಾರ್ಖಾನೆಯ ಗೇಟಲ್ಲಿ ಕೇಳೋಣ.