ಸೋದರಮಾವನ ಸಂಬಂಧ

ರಾಜಾಜಿನಗರದ ವಾಚಕರೊಬ್ಬರು, ಮಗಳನ್ನು ಆಕೆಯ ಸೋದರಮಾವನಿಗೇ ಕೊಡಬೇಕೆಂದಿರುವುದಾಗಿಯೂ, ವರನ ತಂದೆ ಹೃದಯದೌರ್ಬಲ್ಯದಿಂದ ತೀರಿಕೊಂಡುದರಿಂದ ಸಂಶಯ ಹುಟ್ಟಿರುವುದಾಗಿಯೂ ಬರೆದಿರುವರು.

ಹೃದಯಸ್ನಾಯುವಿನ ಸಂಕೋಚವನ್ನು ಹದದಲ್ಲಿಡುವ ಪ್ರೋಟೀನೊಂದುಂಟು. ಅದನ್ನು ನಿರ್ಮಿಸುವ ಜೀನಿಗೆ ಎಂ.ವೈ.ಬಿ.ಪಿ.ಸಿ. ೩ ಎಂದು ಹೆಸರು. ಈ ಜೀನಿನ ಬರಹದಲ್ಲಿ ೨೫ ಅಕ್ಷರಗಳು ಲೋಪವಾಗಿದ್ದರೆ, ನಡುವಯಸ್ಸು ದಾಟಿದ ಮೇಲೆ ಹೃದಯವು ಕುಗ್ಗುವ ಭಯವುಂಟು, ಎಲ್ಲರಿಗೂ ಹಾಗಾಗುವುದೆಂದಲ್ಲ. ಭಾರತೀಯರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಈ ಲೋಪವಿರುವುದೆಂದು ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳೂ ಅವರ ಸಹಕಾರಿಗಳೂ ೨೦೦೯ರಲ್ಲಿ ಪ್ರಕಟಿಸಿದರು.

ತಾತನಲ್ಲಿ ಇದೇ ಇದ್ದಿತೆಂದು ನಾವು ಹೇಳಲಾರೆವು. ಇದ್ದಿದ್ದರೆ ಮಗನಿಗೂ, ಮಗಳ ಮೂಲಕ ಮೊಮ್ಮಗಳಿಗೂ ಇಳಿದಿರಬಹುದು. ಹಾಗೆ ಇಳಿದ ಇಬ್ಬರೂ ದಂಪತಿಗಳಾದರೆ, ಹುಟ್ಟುವ ಪ್ರತಿಯೊಂದು ಶಿಶುವಿಗೂ ಎರಡು ಕಡೆಯಿಂದಲೂ ಲೋಪವೇ ಬರುವ ಸಂಭವ ನಾಲ್ಕರಲ್ಲೊಂದು. ಅಂಥ ಶಿಶುವಿಗೆ ಅಪಾಯ ಹೆಚ್ಚು. ಆದುದರಿಂದ ಮೊದಲು ವೈದ್ಯರನ್ನು ಕಂಡು ಇಬ್ಬರ ಹೃದಯವನ್ನೂ ರಕ್ತವನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಜಾತಕವನ್ನು ಆಮೇಲೆ ನೋಡಿಸಬಹುದು.